ಬಂದರಿನ ಅಲೆ, ಬರೆಯದ ಕಾಗದ

ಸಂಜೆ ಐದಾಯಿತೆಂದರೆ ಆ ಊರಿನ ಕಂಬಗಳು ಹಾಡುತ್ತಿದ್ದವು. ಬೀದಿಗೊಂದು, ಗುಡ್ಡದ ಓರೆಗೊಂದು, ಬಂದರಿನ ಬಾಯಲ್ಲೊಂದು ಉದ್ದನೆಯ ಕಬ್ಬಿಣದ ಕಂಬ. ತುದಿಯಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಸ್ಪೀಕರ್. ಎಲ್ಲವೂ ಒಟ್ಟಿಗೇ ಶುರುವಾದರೂ ದೂರದ ಕಂಬದ ಸ್ವರ ಅರೆಕ್ಷಣ ತಡವಾಗಿ ಬಂದು ಮುಟ್ಟುತ್ತಿತ್ತು. ಹಾಗಾಗಿ ಒಂದೊಂದು ಸ್ವರಕ್ಕೂ ಒಂದೊಂದು ಬಾಲ. ನಿಧಾನದ ರಾಗ. ಕಾನ್ವೆಂಟಿನ ಮ್ಯೂಸಿಕ್ ರೂಮಿನಲ್ಲಿ ಯಾವುದೋ ಹುಡುಗಿ ಒಂದೇ ಬೆರಳಿನಲ್ಲಿ ಪಿಯಾನೋ ಕಲಿಯುತ್ತಿರುವ ಹಾಗೆ.

“ಮಕ್ಕಳೇ, ಆಟ ಸಾಕು, ಮನೆಗೆ ಹೋಗಿ ಅನ್ನುವ ಹಾಡು,” ಎಂದಿದ್ದಳು ಮಿಚಿಕೊ, ಮೊದಲ ದಿನ. ಆಮೇಲೆ ಚಹಾ ಬಗ್ಗಿಸುತ್ತಾ ಉಳಿದರ್ಧ ಹೇಳಿದಳು. “ಸ್ಪೀಕರ್ ಸರಿಯಾಗಿದೆಯೋ ಇಲ್ಲವೋ ದಿನಾ ನೋಡಬೇಕಲ್ಲ. ಸಮುದ್ರ ಬರುವಾಗ ಕೂಗಬೇಕಾದ್ದು ಇವೇ.”

ಜಪಾನಿಗೆ ಹೋಗಿಬಂದು ಏಳು ವರ್ಷವಾಗುತ್ತ ಬಂತು. ನೋಡಿದ ದೇವಾಲಯಗಳ ಹೆಸರು ಒಂದೂ ನೆನಪಿಲ್ಲ. ಆ ಬಾಲವಿದ್ದ ಸ್ವರಗಳು ಮಾತ್ರ ಕಿವಿಯಲ್ಲಿವೆ.

ಮುಲುಂಡ್

ಮಿಚಿಕೊ ನನ್ನ ಪೆನ್-ಫ್ರೆಂಡ್. ಈಗಿನವರಿಗೆ ಈ ಪದವನ್ನೇ ಬಿಡಿಸಿ ಹೇಳಬೇಕು. ಬೆಳಗಾವಿಯ ಕಾನ್ವೆಂಟಿನಲ್ಲಿ ನಾನು ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಸಿಸ್ಟರ್ ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಚೀಟಿ ಹಾಕಿ ಎತ್ತಲು ಹೇಳಿದರು. ಚೀಟಿಗೊಂದು ಹುಡುಗಿ, ಒಂದು ದೇಶ. ಪಕ್ಕದವಳಿಗೆ ಐರ್ಲೆಂಡ್ ಬಂತು. ನನಗೆ ಜಪಾನ್. ಜಪಾನಿನವಳು ಎಂಥ ಇಂಗ್ಲಿಷ್ ಬರೆದಾಳೆಂದು ನಾನು ಅತ್ತುಬಿಟ್ಟೆ. ಐರ್ಲೆಂಡಿನ ಕಾಗದ ಎರಡಕ್ಕೇ ನಿಂತಿತು. ಜಪಾನಿನದು ಐವತ್ತು ವರ್ಷಕ್ಕೂ ಮೀರಿ ಬಂತು.

ಮದುವೆಯಾಗಿ ಮುಂಬೈಗೆ ಬಂದಾಗ ನಾವಿದ್ದದ್ದು ಕುರ್ಲಾದ ಒಂದು ಚಾಳಿನಲ್ಲಿ. ಎರಡು ಖೋಲಿ, ಒಂಬತ್ತು ಜನ. ಬಂದ ಕಾಗದವನ್ನು ಮನೆಯವರೆಲ್ಲ ಓದಿ ಕೊನೆಗೆ ನನಗೆ ಕೊಡುತ್ತಿದ್ದರು. ಹಾಗಾಗಿ ನಾನು ಜಾಗ್ರಫಿ ಕಲಿಸುತ್ತಿದ್ದ ಕುರ್ಲಾದ ಶಾಲೆಯ ವಿಳಾಸವನ್ನೇ ಅವಳಿಗೆ ಕೊಟ್ಟೆ. ಮುಂದೆ ಮುಲುಂಡಿನಲ್ಲಿ ಫ್ಲ್ಯಾಟ್ ಆಯಿತು, ಓದುವವರು ಒಬ್ಬೊಬ್ಬರಾಗಿ ಹೋದರು, ವಿಳಾಸ ಮಾತ್ರ ಅದೇ ಉಳಿಯಿತು.

ಅವಳು ಹಿಮದ ಬಗ್ಗೆ ಬರೆಯುತ್ತಿದ್ದಳು, ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದ ಗಂಡನ ಬಗ್ಗೆ ಬರೆಯುತ್ತಿದ್ದಳು. ನಾನು ಮಳೆಯಲ್ಲಿ ಟ್ರ್ಯಾಕ್ ಮುಳುಗಿ ಲೋಕಲ್ ನಿಂತದ್ದನ್ನು, ಸೊಂಟದ ನೀರಿನಲ್ಲಿ ಸೀರೆ ಎತ್ತಿಕಟ್ಟಿ ನಡೆದದ್ದನ್ನು ಬರೆಯುತ್ತಿದ್ದೆ. ಮುಂಬೈ ಮುಳುಗಿದ ಸುದ್ದಿ ಅವಳ ಟಿವಿಯಲ್ಲಿ ಬಂದರೆ ಹದಿನೈದು ದಿನದೊಳಗೆ ಕಾಗದ ಬರುತ್ತಿತ್ತು. ಅದರ ಮೊದಲ ಸಾಲು ಯಾವಾಗಲೂ ಒಂದೇ: “ಮಾಲಿನಿ-ಸಾನ್, ನೀನು ಒಣಗಿದ್ದೀಯಾ?” ಅವಳ ಇಂಗ್ಲಿಷ್ ಹಾಗಿತ್ತು. ಗ್ರಾಮರ್ ಸರಿ, ಆದರೂ ಓದಿದರೆ ನಗು.

ಚೆನ್ನೈ, ನಾಗಪಟ್ಟಣದ ಕಡೆ ಸಮುದ್ರ ಎದ್ದ ಆ ಡಿಸೆಂಬರಿನಲ್ಲೂ ಅವಳು ಬರೆದಳು. ಮುಂಬೈ ಈಚೆ ಕರಾವಳಿಯಲ್ಲಿದೆ ಎಂದು ನಕ್ಷೆ ನೋಡಿ ತಿಳಿದುಕೊಂಡಿದ್ದಳು. ಆದರೂ ನಿನ್ನ ಬಂಧುಗಳು ಆಚೆ ಕಡೆ ಇರಬಹುದಲ್ಲ ಎಂದಿದ್ದಳು. ಆ ಕಾಗದದಲ್ಲೇ ಕುಂಚದಿಂದ ಎರಡು ಅಕ್ಷರ ಬಿಡಿಸಿದ್ದಳು. ಮೊದಲನೆಯದು ತ್ಸು, ಅಂದರೆ ಬಂದರು. ಎರಡನೆಯದು ನಾಮಿ, ಅಂದರೆ ಅಲೆ. “ಹಿಂದೆ ನಮ್ಮ ಬೆಸ್ತರು ದೂರದ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದರು. ಅಲ್ಲಿ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ತಿರುಗಿ ಬಂದರೆ ಬಂದರೂ ಇಲ್ಲ, ಮನೆಯೂ ಇಲ್ಲ. ಸಮುದ್ರದ ನಡುವೆ ಕಾಣದ ಅಲೆ ಬಂದರಿನಲ್ಲಿ ಮಾತ್ರ ಹೇಗೆ ಬಂತು ಎಂದು ಅವರು ಅದಕ್ಕೆ ಬಂದರಿನ ಅಲೆ ಎಂದು ಹೆಸರಿಟ್ಟರು. ಹಾಗೆಂದು ನನ್ನ ಅಜ್ಜಿ ಹೇಳುತ್ತಿದ್ದಳು.”

ಓದಿ ನನಗೆ ನಾಚಿಕೆಯಾಯಿತು. ಇಪ್ಪತ್ತೈದು ವರ್ಷ ನಾನು ಮಕ್ಕಳಿಗೆ ಅದನ್ನು ಟೈಡಲ್ ವೇವ್ ಎಂದು, ಭರತದ ಅಲೆ ಎಂದು ಬೋರ್ಡಿನ ಮೇಲೆ ಬರೆಸಿದ್ದೆ. ಭರತ-ಇಳಿತ ಚಂದ್ರನ ಕೆಲಸ. ಇದಕ್ಕೂ ಚಂದ್ರನಿಗೂ ಸಂಬಂಧವೇ ಇಲ್ಲ. ಮರುದಿನ ಒಂಬತ್ತನೆಯ ಕ್ಲಾಸಿಗೆ ಹೋಗಿ “ನಾನು ತಪ್ಪು ಹೇಳಿದ್ದೆ” ಎಂದೆ. ಟೀಚರ್ ತಪ್ಪೊಪ್ಪಿಕೊಂಡರೆ ಮಕ್ಕಳಿಗೆ ಹಬ್ಬ.

ಆರು ವರ್ಷ ಕಳೆದ ಮೇಲೆ ಒಂದು ಮಾರ್ಚಿನಲ್ಲಿ ಅವಳದೇ ಕರಾವಳಿಗೆ ಅಲೆ ಬಂತು. ನಾನು ಮುಲುಂಡಿನ ಹಾಲಿನಲ್ಲಿ ಕೂತು ಟಿವಿ ನೋಡಿದೆ. ಮನೆಗಳು ಬುಡಸಮೇತ ತೇಲುತ್ತಿದ್ದವು. ಊರಿನ ಹೆಸರು ಪಟ್ಟಿಯಲ್ಲಿತ್ತು.

ನಾನು ಕಾಗದ ಬರೆಯಲಿಲ್ಲ.

ಬರೆದರೆ ಉತ್ತರ ಬರಬೇಕು. ಬರದಿದ್ದರೆ ಗೊತ್ತಾಗಿಬಿಡುತ್ತದೆ. ಬರೆಯದಿದ್ದರೆ ಅವಳು ಎಲ್ಲೋ ಇದ್ದಾಳೆ. ಇದು ನನ್ನ ಲೆಕ್ಕ. ಒಂದು ವಾರ, ಒಂದು ತಿಂಗಳು, ಆಮೇಲೆ ಬರೆಯಲು ಮುಖವೇ ಇಲ್ಲದಂತಾಯಿತು.

ಎರಡು ವರ್ಷದ ನಂತರ ಶಾಲೆಯ ಕ್ಲರ್ಕ್ ಫೋನ್ ಮಾಡಿದ. “ಮೇಡಂ, ಆಪ್ಕಾ ಜಪಾನ್ ವಾಲಾ ಲೆಟರ್ ಆಯಾ ಹೈ.” ನಾನು ರಿಟೈರ್ ಆಗಿ ಕಾಲವಾಗಿತ್ತು. ಕುರ್ಲಾಗೆ ಹೋಗಿ, ಕಾಗದವನ್ನು ತೆರೆಯದೆ ಮುಲುಂಡಿನ ತನಕ ತಂದೆ. ಗಂಡನೂ ಮನೆಯೂ ಹೋದವು ಎಂದು ಬರೆದಿದ್ದಳು. ನನ್ನ ಕಾಗದಗಳೆಲ್ಲ ಇದ್ದ ಡಬ್ಬಿಯೂ ಹೋಯಿತಂತೆ. ಶಾಲೆಯ ವಿಳಾಸ ಬಾಯಿಪಾಠವಿದ್ದದ್ದರಿಂದ ಬರೆಯುತ್ತಿದ್ದೇನೆ ಎಂದಿದ್ದಳು. ಕೊನೆಯಲ್ಲಿ: “ನೀನು ನನಗೆ ಬರೆದಿದ್ದೆಯಾ? ಅಂಚೆಯವನಿಗೆ ತಂದುಕೊಡಲು ಬಾಗಿಲೇ ಇರಲಿಲ್ಲ.”

ಅಂದೇ ಸಂಜೆ ಉತ್ತರ ಬರೆದೆ. ಬರೆದಿದ್ದೆ, ತಿಂಗಳು ತಿಂಗಳೂ ಬರೆದಿದ್ದೆ, ಎಲ್ಲ ಕಳೆದುಹೋಗಿರಬೇಕು ಎಂದು.

ಸುಳ್ಳು ಹೇಳಿದ್ದು ಕಾಗದದಲ್ಲಿ. ನಿಜವನ್ನೂ ಕಾಗದದಲ್ಲೇ ಹೇಳಬಹುದಿತ್ತು. ಐದಾರು ಸಲ ಶುರು ಮಾಡಿದೆ. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಕನ್ಫೆಷನ್ನಿಗೆ ಒಳಗೆ ಹೋದ ಕ್ರಿಶ್ಚಿಯನ್ ಹುಡುಗಿಯರು ಹಗುರಾಗಿ ಹೊರಬರುವುದನ್ನು ನಾವು ಹಿಂದೂ ಹುಡುಗಿಯರು ಕಿಟಕಿಯಿಂದ ನೋಡುತ್ತಿದ್ದೆವು. ಅವರಿಗೆ ಕಾಗದದಲ್ಲಿ ಬರೆದುಕೊಟ್ಟರೆ ನಡೆಯುತ್ತಿರಲಿಲ್ಲ. ಬಾಯಿಬಿಟ್ಟೇ ಹೇಳಬೇಕಿತ್ತು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಜಪಾನಿಗೆ ಹೊರಟದ್ದು ಅದಕ್ಕೇ. ಈ ಕಾರಣ ಯಾರಿಗೂ ಹೇಳಲಿಲ್ಲ.

ಪಕ್ಕದ ಫ್ಲ್ಯಾಟಿನ ಶಾಂತಕ್ಕ ವಿಜಯಪುರದವಳು. ಒಂದು ಡಬ್ಬಿ ಶೇಂಗಾ ಹೋಳಿಗೆ ಹಿಡಿದುಕೊಂಡು ಬಂದಳು.

“ಅಕ್ಕಾರ, ಸಮುದ್ರ ಎದ್ದ ಬರೂ ಊರಿಗೆ ನೀವ್ಯಾಕ ಹೊಂಟೀರಿ? ನೋಡಾಕ ಸಮುದ್ರ ಬೇಕಂದ್ರ ಇಲ್ಲೇ ಐತಲ್ಲ, ಲೋಕಲ್ ಹತ್ತಿದ್ರ ಮುಗೀತು.”

“ಗೆಳತಿ ಇದ್ದಾಳ, ಶಾಂತಾ.”

“ಗೆಳತೀನ ಇಲ್ಲಿಗೆ ಕರಸ್ರಿ. ಮಟನ್ ತಿಂತಾಳೇನ? ಇಲ್ಲಾಂದ್ರೂ ಜ್ವಾಳದ ರೊಟ್ಟಿ ಹಾಕ್ತೀನಿ.”

ವಿಮಾನದಲ್ಲಿ

ಜೊತೆಗೆ ಬಂದವಳು ಮೊಮ್ಮಗಳು ರಿಯಾ. ಕಾಂದಿವಲಿಯವಳು, ಫಿಸಿಯೋಥೆರಪಿಸ್ಟ್. ಕನ್ನಡ ಪೂರಾ ತಿಳಿಯುತ್ತದೆ, ಆಡುವಾಗ ಅರ್ಧ ದಾರಿಯಲ್ಲಿ ಹಿಂದಿ ಹತ್ತುತ್ತದೆ.

ಮೋಡದ ಮೇಲೆ ಹೋಗುತ್ತಿದ್ದಾಗ ಅವಳು ಮುಂದಿನ ಸೀಟಿನ ಹಿಂಬದಿಯ ಪುಟ್ಟ ಪರದೆ ತೋರಿಸಿದಳು. ನಮ್ಮ ವಿಮಾನದ ವೇಗ ಅದರಲ್ಲಿ ಬರುತ್ತಿತ್ತು. “ಅಜ್ಜಿ, ನಾ ಓದಿದೆ, ಡೀಪ್ ಸೀನಲ್ಲಿ ಸುನಾಮಿ ಇಷ್ಟೇ ಸ್ಪೀಡ್‌ನಾಗ ಹೋಗತದಂತ. ಪ್ಲೇನ್ ಜೈಸಾ.”

“ಮತ್ತ ಅಲ್ಲಿರೋ ಬೋಟಿನವರಿಗೆ ಗೊತ್ತಾಗೂದಿಲ್ಲ?”

“ನಹೀ ನಾ. ಹೈಟ್ ಇಷ್ಟೇ ಇಷ್ಟು.” ಕೈಯನ್ನು ಊಟದ ಟ್ರೇಯಿಂದ ಮೊಣಕೈಯಷ್ಟು ಎತ್ತರಕ್ಕೆ ಎತ್ತಿ ತೋರಿಸಿದಳು. “ಆದರ ಲೆಂತ್ ಭಾಳ. ಮೈಲ್ಸ್ ಆಂಡ್ ಮೈಲ್ಸ್. ಬೋಟ್ ನಿಧಾನ ಮ್ಯಾಲ ಹೋಗತದ, ನಿಧಾನ ಕೆಳಗ ಬರತದ. ಪತಾ ಭೀ ನಹೀ ಚಲ್ತಾ. ನೀ ಟೆನ್ಶನ್ ತಗೋಬ್ಯಾಡ.”

ನನ್ನ ಟೆನ್ಶನ್ ಬೇರೆ ಇತ್ತು. ಮೊದಲ ದಿನವೇ ಹೇಳಿಬಿಡುವುದೋ, ಕೊನೆಯ ದಿನಕ್ಕೆ ಇಡುವುದೋ. ಮೊದಲ ದಿನ ಹೇಳಿದರೆ ಉಳಿದ ಮೂರು ದಿನ ಅವಳ ಮನೆಯಲ್ಲಿ ಹೇಗೆ ಉಣ್ಣುವುದು. ಕೊನೆಯ ದಿನ ಹೇಳಿದರೆ ಮೂರು ದಿನ ಮೋಸದಿಂದ ಉಂಡಂತಾಗುತ್ತದೆ.

ಎರಡು ಬೋಗಿಯ ರೈಲು

ಟೋಕಿಯೋದಿಂದ ಬುಲೆಟ್ ಟ್ರೇನು. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಪ್ರೀತಿ ಹುಟ್ಟಿದ್ದು ಕೊನೆಯ ಸಣ್ಣ ರೈಲಿನ ಮೇಲೆ. ಎರಡೇ ಬೋಗಿ. ಕಿಟಕಿಯ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದಕ್ಕೆ ಸಮುದ್ರ, ನಡುವೆ ಸುರಂಗಗಳು. ಹತ್ತು ಜನ ಕೂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಶಾಂತಕ್ಕನ ಹೋಳಿಗೆಯ ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೆ ನಾನೇ ಬೆಚ್ಚಿದೆ.

ನಮ್ಮಲ್ಲಿ ಮುಲುಂಡಿಗೆ ಇಳಿಯಬೇಕಾದರೆ ಭಾಂಡುಪ್ ಬರುವ ಮೊದಲೇ ಎದ್ದು ಬಾಗಿಲ ಕಡೆ ಸರಿಯಬೇಕು. ಇಲ್ಲದಿದ್ದರೆ ಇಳಿಯುವುದು ಠಾಣೆಯಲ್ಲಿ. ನಲವತ್ತೈದು ವರ್ಷದ ಅಭ್ಯಾಸ ಎಲ್ಲಿಗೆ ಹೋದೀತು. ಮಿಚಿಕೊಳ ಊರಿಗೆ ಇನ್ನೂ ಎರಡು ಸ್ಟೇಷನ್ ಇರುವಾಗಲೇ ನಾನು ಸೂಟ್‌ಕೇಸ್ ಎಳೆದುಕೊಂಡು ಬಾಗಿಲಿಗೆ ಒತ್ತಿ ನಿಂತೆ, ಮೊಣಕೈ ಅಗಲಿಸಿ. ನನ್ನ ಹಿಂದೆ ಯಾರೂ ಇರಲಿಲ್ಲ. ಎಲ್ಲರೂ ನೋಡಿದರು. ಬಿಳಿ ಕೈಗವಸು ತೊಟ್ಟ ಕಂಡಕ್ಟರ್ ಬಂದು ಬಗ್ಗಿ ಏನೋ ಕೇಳಿದ.

ರಿಯಾ ಫೋನಿನಲ್ಲಿ ಓದಿ ಹೇಳಿದಳು. “ಅಜ್ಜಿ, ನಿನಗ ವಾಂತಿ ಬರಾತದೇನ ಅಂತ ಕೇಳಾತಾನ. ಪ್ಲೀಸ್ ಕೂಡು.”

ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ಒಬ್ಬಳು ನಿಂತಿದ್ದಳು. ಗುಬ್ಬಿಯಂಥ ಹೆಂಗಸು. ಬಿಳಿ ಕೂದಲು ಕಿವಿಯ ತನಕ ಕತ್ತರಿಸಿದ್ದು, ಮಾಸಲು ನೀಲಿ ಕೋಟು. ಅಪ್ಪಿಕೊಳ್ಳುವುದೋ ಬಾಗುವುದೋ ತಿಳಿಯದೆ ಇಬ್ಬರೂ ಒಟ್ಟಿಗೆ ಮುಂದಕ್ಕೆ ಬಂದು ನನ್ನ ಹಣೆ ಅವಳ ಹಣೆಗೆ ಬಡಿಯಿತು. ಐವತ್ತೈದು ವರ್ಷದ ಗೆಳೆತನದಲ್ಲಿ ನಾವು ಮೊದಲು ಮುಟ್ಟಿದ್ದು ಹಾಗೆ.

“ಮಾಲಿನಿ-ಸಾನ್,” ಎಂದಳು ಹಣೆ ಉಜ್ಜಿಕೊಳ್ಳುತ್ತಾ, “ನೀನು ಕಾಗದದಲ್ಲಿ ಇಷ್ಟು ಎತ್ತರ ಇರಲಿಲ್ಲ.”

ಮೊದಲ ದಿನ

ಹೊಸ ಮನೆ ಗುಡ್ಡದ ಅರ್ಧಕ್ಕಿತ್ತು. ಹಳೆಯ ಓಣಿ ಇದ್ದ ಕೆಳಗಿನ ಜಾಗದಲ್ಲಿ ಈಗ ಮನೆ ಕಟ್ಟಲು ಬಿಡುವುದಿಲ್ಲ. ಹುಲ್ಲು ಬೆಳೆದ ಬಯಲು.

ಸಂಜೆ ಅವಳು ನಮ್ಮನ್ನು ಊರಿಗೆ ತೋರಿಸಲು ಹೊರಟಳು. ಹೌದು, ಊರನ್ನು ನಮಗೆ ತೋರಿಸಿದ್ದಕ್ಕಿಂತ ನಮ್ಮನ್ನು ಊರಿಗೆ ತೋರಿಸಿದ್ದೇ ಹೆಚ್ಚು. ತರಕಾರಿಯವಳ ಮುಂದೆ, ಕ್ಷೌರದಂಗಡಿಯ ಮುದುಕನ ಮುಂದೆ, ಪೋಸ್ಟ್ ಆಫೀಸಿನ ಕಿಟಕಿಯ ಮುಂದೆ ನಿಂತು ಒಂದೇ ಮಾತು ಹೇಳುತ್ತಿದ್ದಳು. ಅವರೆಲ್ಲ “ಆಆ” ಎಂದು ನನ್ನ ಕಡೆ ತಿರುಗಿ ಆಳವಾಗಿ ಬಾಗುತ್ತಿದ್ದರು. ತರಕಾರಿಯವಳಂತೂ ಕಣ್ಣೊರೆಸಿಕೊಂಡಳು.

“ಏನ ಹೇಳಾತಾಳ ಈಕಿ?” ಎಂದು ರಿಯಾಳನ್ನು ಕೇಳಿದೆ.

ರಿಯಾ ಫೋನನ್ನು ಮಿಚಿಕೊಳ ಹತ್ತಿರ ಹಿಡಿದು ಓದಿದಳು. “ಇವಳೇ ಆ ಕಾಗದದವಳು. ನಮ್ಮೂರಿಗೆ ಅಂಚೆಯೇ ಇಲ್ಲದಾಗ ಎರಡು ವರ್ಷ ಪ್ರತಿ ತಿಂಗಳು ಬರೆದವಳು.” ಆಮೇಲೆ ನನ್ನ ತೋಳು ಹಿಡಿದಳು. “ಓ ಮೈ ಗಾಡ್ ಅಜ್ಜಿ, ನೀ ಹೇಳೇ ಇಲ್ಲ. ಹೌ ಸ್ವೀಟ್.”

ಬಾಗಿಲಿಲ್ಲದ ಮನೆಗೆ ಬಂದು ನನ್ನ ಇಪ್ಪತ್ತನಾಲ್ಕು ಕಾಗದ ಕಳೆದುಹೋದವು ಎಂದು ಆ ಊರಿನವರಿಗೆಲ್ಲ ಗೊತ್ತಿತ್ತು. ಒಂದೂ ಇರಲಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಅಂದು ಮೀನಿನ ಸಾರು, ಅನ್ನ ಬಡಿಸಿದಳು. ರುಚಿ ಕೇಳಿದರೆ ಹೇಳಲಾರೆ.

ಬಂದರು

ಎರಡನೆಯ ದಿನ ಬಂದರಿಗೆ ಹೋದೆವು. ಹೋದರೆ ಸಮುದ್ರವೇ ಕಾಣಲಿಲ್ಲ. ನಾಲ್ಕು ಮಹಡಿಯ ಬಿಲ್ಡಿಂಗಿನಷ್ಟು ಎತ್ತರದ ಕಾಂಕ್ರೀಟ್ ಗೋಡೆ. ಮೆಟ್ಟಿಲು ಹತ್ತಿ ಮೇಲೆ ನಿಂತರೆ ಆಚೆಗೆ ಸಮುದ್ರ, ದೋಣಿ, ಹಕ್ಕಿ.

ನಮ್ಮಲ್ಲಿ ಮಳೆಗಾಲದ ದೊಡ್ಡ ಭರತದ ದಿನ ಜನ ಮಕ್ಕಳನ್ನು ಕರೆದುಕೊಂಡು ಮರೀನ್ ಡ್ರೈವಿಗೆ ಹೋಗುತ್ತಾರೆ, ಕಟ್ಟೆಯ ಮೇಲೆ ನಿಂತು ಅಲೆಯಿಂದ ತೋಯಿಸಿಕೊಂಡು ಸುಟ್ಟ ಮೆಕ್ಕೆಜೋಳದ ಭುಟ್ಟಾ ತಿನ್ನುತ್ತಾರೆ ಎಂದು ಹೇಳಿದೆ. ಮಿಚಿಕೊಗೆ ಅರ್ಥವಾಗಲಿಲ್ಲ.

“ಅಲೆ ಬರುತ್ತದೆಂದು ಗೊತ್ತಿದ್ದೂ ಅದರ ಕಡೆಗೇ ಹೋಗುತ್ತಾರಾ?”

“ನೋಡಲಿಕ್ಕೆ.”

“ಪೊಲೀಸರು?”

“ಅವರೂ ನೋಡುತ್ತಾರೆ.”

ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಗಾಳಿಯ ಅಲೆಯೇ ಬೇರೆ, ಇದೇ ಬೇರೆ ಎಂದಳು. ಮನೆಗೆ ಬಂದು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ನೀರು ತುಂಬಿ ತೋರಿಸಿದಳು. “ಊದು,” ಎಂದಳು. ಊದಿದೆ. ಮೇಲೆ ಮಾತ್ರ ಸುಕ್ಕು ಬಿತ್ತು. ತಳದಲ್ಲಿದ್ದ ಚಮಚ ಅಲುಗಲಿಲ್ಲ. “ಇದು ಗಾಳಿಯ ಕೆಲಸ.” ಆಮೇಲೆ ಅಂಗೈಯನ್ನು ತಳದ ತನಕ ಇಳಿಸಿ ಥಟ್ಟನೆ ಮೇಲಕ್ಕೆ ನೂಕಿದಳು. ನಡುವಿನ ನೀರು ತುಸುವೇ ಉಬ್ಬಿತು, ಅಂಚಿನಲ್ಲಿ ಚೆಲ್ಲಿ ನನ್ನ ಸೀರೆ ಒದ್ದೆಯಾಯಿತು. “ಇದು ನೆಲದ ಕೆಲಸ. ತಳದಿಂದ ಮೇಲಿನವರೆಗಿನ ನೀರು ಪೂರ್ತಿ ಏಳುತ್ತದೆ.”

ಮುಂದಿನದು ನಾನು ಕ್ಲಾಸಿನಲ್ಲಿ ಕಲಿಸಿದ್ದೇ. ಆ ಕರಾವಳಿಯ ಆಚೆ ಸಮುದ್ರದ ತಳದಲ್ಲಿ ಭೂಮಿಯ ಒಂದು ಚಿಪ್ಪು ಇನ್ನೊಂದರ ಅಡಿಗೆ ನುಗ್ಗುತ್ತಿದೆ, ಉಗುರು ಬೆಳೆಯುವಷ್ಟು ನಿಧಾನಕ್ಕೆ. ನುಗ್ಗುವಾಗ ಮೇಲಿನದರ ತುದಿ ಅದಕ್ಕೆ ಕಚ್ಚಿಕೊಂಡು ತಾನೂ ಕೆಳಗೆ ಬಾಗುತ್ತದೆ. ಕುರ್ಲಾದಲ್ಲಿ ಸಂಜೆಯ ಲೋಕಲ್ಲಿನ ಬಾಗಿಲು ನೋಡಿದವರಿಗೆ ಇದು ಕಷ್ಟವಲ್ಲ. ಇಳಿಯುವವರೂ ಹತ್ತುವವರೂ ಸಿಕ್ಕಿಕೊಂಡು ಅರೆಗಳಿಗೆ ಯಾರೂ ಅಲುಗುವುದಿಲ್ಲ. ಒತ್ತಡ ಮಾತ್ರ ಏರುತ್ತದೆ. ಎಲ್ಲೋ ಒಬ್ಬರ ಮೊಣಕೈ ಜಾರುತ್ತದೆ, ಅಷ್ಟೇ, ಇಡೀ ಬಾಗಿಲು ಪ್ಲಾಟ್‌ಫಾರ್ಮಿಗೆ ಚೆಲ್ಲುತ್ತದೆ. ಸಮುದ್ರದ ಅಡಿಯಲ್ಲಿ ಹಾಗೆ ಜಾರಿದಾಗ ಬಾಗಿದ ತುದಿ ಚಿಮ್ಮಿ ಮೇಲಕ್ಕೆ ಬರುತ್ತದೆ. ಮೇಲಿದ್ದ ನೀರನ್ನೆಲ್ಲ ಎತ್ತಿಬಿಡುತ್ತದೆ. ನೆಲ ಅಡ್ಡಡ್ಡ ಸರಿದರೆ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಜ್ವಾಲಾಮುಖಿ ಸಿಡಿದರೂ ನೀರಿನೊಳಗೆ ಗುಡ್ಡ ಕುಸಿದರೂ ಆದೀತು. ಎದ್ದ ನೀರು ದಡದ ಹತ್ತಿರ ಆಳ ಕಡಿಮೆಯಾದಂತೆ ನಿಧಾನವಾಗುತ್ತದೆ. ಮುಂದಿನದು ನಿಧಾನ, ಹಿಂದಿನದು ಇನ್ನೂ ಓಡಿ ಬರುತ್ತಲೇ ಇರುತ್ತದೆ. ಜಾಗವಿಲ್ಲದೆ ಮೇಲೇರುತ್ತದೆ. ಬೆಸ್ತರಿಗೆ ಸಮುದ್ರದಲ್ಲಿ ಕಾಣದ್ದು ಬಂದರಿನಲ್ಲಿ ಕಂಡದ್ದು ಹೀಗೆ.

“ಒಂದೇ ಅಲೆ ಅಲ್ಲ,” ಎಂದಳು ಮಿಚಿಕೊ ಕೈ ಒರೆಸಿಕೊಳ್ಳುತ್ತಾ. “ಎರಡನೆಯದು ಬರುತ್ತದೆ, ಮೂರನೆಯದು ಬರುತ್ತದೆ. ಮೊದಲನೆಯದು ಹೋಯಿತೆಂದು ಜನ ಕೆಳಗೆ ಇಳಿಯುತ್ತಾರೆ.” ಅಲ್ಲಿಗೆ ನಿಲ್ಲಿಸಿದಳು. ಈಗ ಹೇಳಿಬಿಡಲೇ ಎಂದು ನಾನು ಬಾಯಿ ತೆರೆದೆ. ಅವಳು ಒಣ ಟವೆಲ್ ತರಲು ಒಳಗೆ ಹೋದಳು.

ಮೂರನೆಯ ದಿನ

ಬೆಳಿಗ್ಗೆ ಮಿಚಿಕೊ ಮೀನು ತರಲು ಬಂದರಿನ ಮಾರುಕಟ್ಟೆಗೆ ಹೋಗಿದ್ದಳು. ಮಧ್ಯಾಹ್ನ ಊಟದ ಮೊದಲು ಹೇಳುವುದೆಂದು ನಾನು ಗಟ್ಟಿ ಮಾಡಿಕೊಂಡು ಕೂತಿದ್ದೆ. ರಿಯಾ ತಲೆ ಬಾಚುತ್ತಿದ್ದಳು.

ಮೊದಲು ಕಪಾಟಿನ ಬಟ್ಟಲುಗಳು ಮಾತಾಡಿದವು. ಆಮೇಲೆ ನೆಲ. ಕೆಳಗಿನಿಂದ ಮಾಲ್‌ಗಾಡಿ ಹೋದ ಹಾಗೆ, ಆದರೆ ಆ ಗಾಡಿ ಮುಗಿಯಲೇ ಇಲ್ಲ. ರಿಯಾ ನನ್ನನ್ನು ಮೇಜಿನಡಿ ಎಳೆದಳು. ನಿಂತಾಗ ಅವಳ ಫೋನು ಕಿರುಚುತ್ತಿತ್ತು. ಹೊರಗೆ ಕಂಬಗಳು ಶುರು ಮಾಡಿದವು. ಹಾಡಲ್ಲ, ಒಬ್ಬ ಹೆಂಗಸಿನ ದನಿ, ಅದೇ ಬಾಲ ಹೊತ್ತು.

“ಅಜ್ಜಿ, ಮ್ಯಾಲ ಹೋಗೋಣ. ಚಲೋ. ಶೂಸ್ ಹಾಕ್ಕೋ, ನಾ ಪಾಸ್‌ಪೋರ್ಟ್ ತರ್ತೀನಿ.”

ಅವಳು ಒಳಗೆ ಹೋದಳು. ನಾನು ಚಪ್ಪಲಿ ಮೆಟ್ಟಿದೆ. ಮೇಲೆ ಹೋಗುವ ದಾರಿ ಬಲಕ್ಕಿತ್ತು. ನಾನು ಎಡಕ್ಕೆ ತಿರುಗಿ ಇಳಿಯತೊಡಗಿದೆ.

ಇದನ್ನು ಯೋಚಿಸಿ ಮಾಡಲಿಲ್ಲ. ಮುಂಬೈಯಲ್ಲಿ ಏನಾದರೂ ಆದರೆ ನಾವು ಮಾಡುವುದೇ ಅದು. ಮಹಾಮಳೆಯ ಆ ದಿನ ನನ್ನ ಗಂಡ ನನ್ನನ್ನು ಹುಡುಕಿಕೊಂಡು ಮುಲುಂಡಿನಿಂದ ಕುರ್ಲಾಗೆ ನಡೆದು ಬಂದಿದ್ದರು, ನಾನು ಅವರನ್ನು ಹುಡುಕಿಕೊಂಡು ಕುರ್ಲಾದಿಂದ ಮುಲುಂಡಿಗೆ ನಡೆದಿದ್ದೆ. ಅದನ್ನು ವರ್ಷಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡೆವು. ಮನೆಯವರು ಹೊರಗಿದ್ದರೆ ಮನೆಯಲ್ಲಿದ್ದವರು ಹೋಗಬೇಕು. ಮಿಚಿಕೊ ಕೆಳಗಿದ್ದಾಳೆ, ಬಂದರಿನ ಬಾಯಲ್ಲಿ, ಒಬ್ಬಳೇ. ಅವಳಿಗೇನಾದರೂ ಆದರೆ ನಾನು ಹೇಳಬೇಕಾದ್ದು ನನ್ನಲ್ಲೇ ಉಳಿಯುತ್ತದೆ. ಇದೂ ಮನಸ್ಸಿನಲ್ಲಿತ್ತು, ಸುಳ್ಳು ಹೇಳುವುದಿಲ್ಲ.

ಎದುರಿನಿಂದ ಜನ ಹತ್ತಿ ಬರುತ್ತಿದ್ದರು, ಓಡದೆ, ಬಿರುಸಾಗಿ. ಅವರ ನಡುವೆ ಇಳಿಯುತ್ತಿದ್ದವಳು ನಾನೊಬ್ಬಳೇ. ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಮುದುಕನೊಬ್ಬ ನನ್ನ ಮುಂದೆ ಸೈಕಲ್ಲನ್ನು ಅಡ್ಡ ಇಟ್ಟು ಮೇಲಕ್ಕೆ ಕೈ ತೋರಿಸಿದ. ನಾನು “ಮಿಚಿಕೊ, ಮಿಚಿಕೊ” ಎಂದೆ. ಅವನು ಇನ್ನೂ ಜೋರಾಗಿ ಮೇಲಕ್ಕೇ ತೋರಿಸಿದ. ಅಷ್ಟರಲ್ಲಿ ಹಿಂದಿನಿಂದ ರಿಯಾ ಬಂದು ನನ್ನ ಸೆರಗು ಹಿಡಿದಳು. ಅವಳ ಕಾಲಿನಲ್ಲಿ ಒಂದೇ ಶೂ ಇತ್ತು.

“ಪಾಗಲ್ ಆಗಿದ್ದೀ ಏನ ಅಜ್ಜಿ?” ಅಳುತ್ತಿದ್ದಳು. “ಎಲ್ಲಾ ಕಡೆ ನೋಡಿದೆ ನಾ. ಬಾತ್‌ರೂಮ್‌ನಾಗ ಭೀ ನೋಡಿದೆ.”

ಗುಡ್ಡ

ಗುಡ್ಡದ ಮೇಲೆ ಶಾಲೆಯ ಮೈದಾನ. ಊರೆಲ್ಲ ಅಲ್ಲಿತ್ತು. ಮಿಚಿಕೊ ಒಂದು ಕಲ್ಲಿನ ಮೇಲೆ ಕೂತಿದ್ದಳು, ತೊಡೆಯ ಮೇಲೆ ಮೀನಿನ ಚೀಲ. ಮಾರುಕಟ್ಟೆಯ ಹಿಂದಿನ ಮೆಟ್ಟಿಲಿನಿಂದ ನಮಗಿಂತ ಎಷ್ಟೋ ಮೊದಲೇ ಬಂದಿದ್ದಳು. ನಾವು ಯಾವ ಕಡೆಯಿಂದ ಬಂದೆವೆಂದು ಅವಳು ನೋಡಿದಳು. ರಿಯಾಳ ಬರಿಗಾಲು ನೋಡಿದಳು.

ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕರೆದೊಯ್ದಳು. ಅವಳ ಕೈಯಲ್ಲಿ ಅಷ್ಟು ಬಲವಿದೆ ಎಂದು ತಿಳಿದಿರಲಿಲ್ಲ.

“ನೀನು ಕೆಳಗೆ ಹೋದೆ.”

“ನಿನ್ನನ್ನು ಹುಡುಕಲು.”

“ನೀನು ನನ್ನನ್ನು ಹುಡುಕಲು ಹೋದೆ. ಈ ಮಗು ನಿನ್ನನ್ನು ಹುಡುಕಲು ಬಂತು. ಹೀಗೇ ಒಂದು ಮನೆ ಪೂರ್ತಿ ಹೋಗುತ್ತದೆ.”

ನಾನು ರಿಯಾಳ ಬರಿಗಾಲನ್ನು ನೋಡಿದೆ.

“ನಮ್ಮ ಕರಾವಳಿಯಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಮಾತು ತೆಂದೆನ್‌ಕೊ. ಅವರವರು ಅವರವರೇ. ತಾಯಿ ಮಗುವಿಗೆ ಕಾಯಬಾರದು, ಮಗು ತಾಯಿಗೆ ಕಾಯಬಾರದು. ಎತ್ತರಕ್ಕೆ ಓಡಬೇಕು. ಅದು ಸ್ವಾರ್ಥ ಅಲ್ಲ, ಮಾಲಿನಿ-ಸಾನ್. ಅವಳೂ ಓಡಿರುತ್ತಾಳೆ ಅನ್ನುವ ನಂಬಿಕೆ.” ಮೀನಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. “ನನ್ನ ಗಂಡ ಅದನ್ನು ಹುಟ್ಟಿದಾಗಿನಿಂದ ಕೇಳಿದವನು. ಆ ದಿನ ಅವನು ಈ ಮೈದಾನಕ್ಕೆ ಬಂದಿದ್ದ. ನಾನು ದೇವಸ್ಥಾನದ ಗುಡ್ಡ ಹತ್ತಿದ್ದೆ. ಮೊದಲ ಅಲೆ ಹೋದ ಮೇಲೆ ನಾನಿಲ್ಲ ಎಂದು ನೋಡಿ ಕೆಳಗೆ ಇಳಿದ. ನೋಡಿದವರಿದ್ದಾರೆ.”

ಕಾಗದದಲ್ಲಿ ಅವಳು ಇದನ್ನು ಬರೆದಿರಲಿಲ್ಲ. ಗಂಡ ಹೋದ ಎಂದಷ್ಟೇ ಬರೆದಿದ್ದಳು.

ನಾನು ಹೇಳಬೇಕೆಂದು ಕಾಯುತ್ತಿದ್ದದ್ದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಇರಲಾರದು. ಆದರೂ ಬಾಯಿಂದ ಬಂತು. “ಮಿಚಿಕೊ, ನಾನು ಕಾಗದ ಬರೆಯಲಿಲ್ಲ. ಆ ಎರಡು ವರ್ಷ ಒಂದನ್ನೂ ಬರೆಯಲಿಲ್ಲ. ನೀನಿಲ್ಲ ಎಂದು ಗೊತ್ತಾಗುವುದು ಬೇಡವಾಗಿತ್ತು. ಆಮೇಲೆ ಸುಳ್ಳು ಹೇಳಿದೆ.”

ಅವಳು ಸಮುದ್ರದ ಕಡೆ ನೋಡಿದಳು. ಅಲ್ಲಿಂದ ಗೋಡೆಯ ಆಚೆಯ ನೀರು ಕಾಣುತ್ತಿತ್ತು. ಅಂದು ಸಮುದ್ರ ಏರಿದ್ದು ಒಂದು ಗೇಣು ಮಾತ್ರ. ಕಟ್ಟಿದ ದೋಣಿಗಳು ಒಮ್ಮೆ ಮೂತಿ ತಿರುಗಿಸಿ ಮತ್ತೆ ಸರಿಯಾಗಿ ನಿಂತವು.

ಆ ಕಡೆ ನೋಡುತ್ತಲೇ ಹೇಳಿದಳು. “ಹುಡುಕಬೇಕಾದಾಗ ಹುಡುಕಲಿಲ್ಲ. ಹುಡುಕಬಾರದಾಗ ಹುಡುಕಿದೆ. ನೀನು ಎರಡನ್ನೂ ಅದಲುಬದಲು ಮಾಡಿಕೊಂಡೆ.”

ಆಮೇಲೆ ಹೋಗಿ ತರಕಾರಿಯವಳ ಪಕ್ಕದಲ್ಲಿ ಕೂತಳು.

ಸ್ಟೇಷನ್

ಆ ದಿನವೂ ಮರುದಿನವೂ ಅವಳು ನಮಗೆ ಹೊತ್ತು ಹೊತ್ತಿಗೆ ಬಡಿಸಿದಳು. ಹಾಸಿಗೆ ಹಾಸಿದಳು, ರಿಯಾಳ ಕಾಲಿನ ಗಾಯಕ್ಕೆ ಪಟ್ಟಿ ಹಾಕಿದಳು. ನನ್ನ ಜೊತೆ ಮಾತಾಡಿದ್ದು ಮಾತ್ರ ಅನ್ನ, ನೀರು, ಟವೆಲ್ ಇಷ್ಟೇ. ಸಿಟ್ಟು ಮುಖದಲ್ಲಿ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಹೊರಡುವ ಮುಂಚೆ ಅವಳು ಒಳಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಏನೋ ಮಾಡುತ್ತಿದ್ದಳು. ಸ್ಟೇಷನ್ನಿಗೆ ಬರುವುದಿಲ್ಲ ಎಂದುಕೊಂಡೆ. ನೀಲಿ ಕೋಟು ಹಾಕಿಕೊಂಡು ಹೊರಗೆ ಬಂದಳು.

ಆ ದಿನದ ನಂತರ ನಾನು ಅವಳನ್ನು ನೋಡಲಿಲ್ಲ. ಹೋದ ಚಳಿಗಾಲದಲ್ಲಿ ಮಿಚಿಕೊ ತೀರಿಹೋದಳೆಂದು ಅವಳ ತಂಗಿಯ ಮಗಳು ಎರಡು ಸಾಲು ಬರೆದು ತಿಳಿಸಿದಳು. ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ.

ಪ್ಲಾಟ್‌ಫಾರ್ಮಿನಲ್ಲಿ ನಾವು ಮೂವರೇ. ರಿಯಾ ಸೂಟ್‌ಕೇಸ್ ಹತ್ತಿಸಿದಳು. ನಾನು ಪಾವಟಿಗೆಯ ಮೇಲೆ ಕಾಲಿಟ್ಟಾಗ ಮಿಚಿಕೊ ಕೋಟಿನೊಳಗಿನಿಂದ ಒಂದು ಕಟ್ಟು ತೆಗೆದು ನನ್ನ ಕೈಗಿಟ್ಟಳು. ರಬ್ಬರ್ ಬ್ಯಾಂಡ್ ಹಾಕಿದ ಕವರುಗಳು, ಹನ್ನೆರಡು. ಪ್ರತಿಯೊಂದರ ಮೇಲೂ ಅವಳ ಹೆಸರು, ಗುಡ್ಡದ ಮನೆಯ ವಿಳಾಸ, ಮೇಲೆ ಅವರ ಲಿಪಿಯಲ್ಲಿ, ಕೆಳಗೆ ಸ್ಕೂಲ್ ಹುಡುಗಿಯ ದುಂಡು ಇಂಗ್ಲಿಷಿನಲ್ಲಿ. ಒಳಗೆ ಏನೂ ಇರಲಿಲ್ಲ.

“ಒಂದು ವರ್ಷಕ್ಕೆ,” ಎಂದಳು. “ಮುಗಿದರೆ ಕೇಳು.”

ಬಾಗಿಲು ಮುಚ್ಚಿತು. ನಾನು ಗಾಜಿಗೆ ಅಂಗೈ ಒತ್ತಿ ನಿಂತೆ. ಅವಳು ಕೈ ಬೀಸಲಿಲ್ಲ. ಅವರಲ್ಲಿ ಹಿರಿಯರು ಬೀಳ್ಕೊಡುವುದು ಹಾಗಲ್ಲ. ಎರಡು ಕೈಯನ್ನೂ ತೊಡೆಗೆ ಆನಿಸಿ, ಸೊಂಟದಿಂದ ಬಾಗಿದಳು. ರೈಲು ಹೊರಟಿತು. ಅವಳು ಬಾಗಿಯೇ ಇದ್ದಳು. ತಲೆ ಎತ್ತಲಿ, ಮುಖ ಕಾಣಲಿ ಎಂದು ಕಾದೆ. ತಿರುವು ಬಂತು. ಕೊನೆಯ ಸಲ ನಾನು ಕಂಡದ್ದು ಅವಳ ನೆತ್ತಿ, ಬೈತಲೆ ಸ್ವಲ್ಪ ಸೊಟ್ಟಗಿದ್ದದ್ದು.